ವಾಂತಿಭೇದಿ ಸುದ್ದಿಯಲ್ಲಿ ನಲ್ಲಿಯ ವಿಳಾಸವೂ ಇರಲಿ

ಮಾನ್ಯ ಸಂಪಾದಕರೇ,

ಮುಂಗಾರು ಮಳೆ ನಾಲ್ಕು ದಿನ ಹಿಡಿದರೆ ಸಾಕು, ದಾವಣಗೆರೆ–ಚಿತ್ರದುರ್ಗ ಸೀಮೆಯ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ‘ಕಲುಷಿತ ನೀರು ಸೇವನೆ, ಹಲವರು ಅಸ್ವಸ್ಥ’ ಎಂಬ ತಲೆಬರಹ ಕಾಣಿಸಿಕೊಳ್ಳುತ್ತದೆ. ಕೆಳಗೆ ಗ್ಲೂಕೋಸ್ ಬಾಟಲಿ ತೂಗುಹಾಕಿದ ಮಂಚದ ಚಿತ್ರ, ಜನಪ್ರತಿನಿಧಿಗಳ ಭೇಟಿ, ‘ಪರಿಸ್ಥಿತಿ ನಿಯಂತ್ರಣದಲ್ಲಿದೆ’ ಎಂಬ ಅಧಿಕಾರಿಗಳ ಮಾತು. ಇಷ್ಟನ್ನೂ ಓದಿದ ಪಕ್ಕದ ಬೀದಿಯ ತಾಯಿಗೆ ಬೇಕಾದದ್ದು ಮಾತ್ರ ಸಿಕ್ಕಿರುವುದಿಲ್ಲ: ನಾಳೆ ಬೆಳಿಗ್ಗೆ ನಮ್ಮ ನಲ್ಲಿಗೆ ಬರುವ ನೀರನ್ನು ಮಕ್ಕಳಿಗೆ ಕುಡಿಸಬಹುದೋ, ಬಾರದೋ?

ನೀರಿನ ಮಾದರಿ ಎತ್ತುವುದು, ಮನೆಮನೆ ತಿರುಗಿ ಭೇದಿ–ಜ್ವರದ ಲೆಕ್ಕ ಬರೆಯುವುದು ಕಸುಬಾಗಿದ್ದ ನಾವು ಕೆಲವರು ಕೂಡಿ ಈ ಪತ್ರ ಬರೆಯುತ್ತಿದ್ದೇವೆ. ಆಡಳಿತದ ಪರ ವಕಾಲತ್ತಿಗಾಗಲೀ ಪತ್ರಿಕೆಯ ಮೇಲೆ ದೂರು ಹೇಳುವುದಕ್ಕಾಗಲೀ ಅಲ್ಲ. ಊರಿನ ಪತ್ರಿಕೆ ಮನಸ್ಸು ಮಾಡಿದರೆ ಯಾವ ಇಲಾಖೆಯಿಂದಲೂ ಆಗದ ಕೆಲಸ ಅದರಿಂದ ಆಗುತ್ತದೆ. ರಾಜಧಾನಿಯ ಚಾನೆಲ್‌ಗೆ ನಮ್ಮೂರಿನ ವಾಲ್ವ್ ಎಲ್ಲಿದೆ ಎಂದು ಗೊತ್ತಿಲ್ಲ, ನಿಮ್ಮ ವರದಿಗಾರರಿಗೆ ಗೊತ್ತಿದೆ.

2023ರ ಆಗಸ್ಟ್ ಆರಂಭದಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ನಡೆದದ್ದನ್ನು ಈ ಭಾಗದವರು ಮರೆತಿಲ್ಲ. ನಲ್ಲಿ ನೀರು ಕುಡಿದ ನೂರಕ್ಕೂ ಹೆಚ್ಚು ಜನ ಅಸ್ವಸ್ಥರಾದರು, ಕೆಲವರು ಜೀವ ಕಳೆದುಕೊಂಡರು. ನೀರಿಗೆ ಯಾರೋ ವಿಷ ಬೆರೆಸಿದ್ದಾರೆ ಎಂಬ ಮಾತೂ ಹಬ್ಬಿತು. ಅಂಥ ಹೊತ್ತಿನಲ್ಲಿ ಪ್ರಯೋಗಾಲಯದ ವರದಿ ಬರುವ ಮುಂಚೆ ಪತ್ರಿಕೆ ಯಾವ ಪದ ಬಳಸುತ್ತದೆ ಎಂಬುದರ ಮೇಲೆ ಊರಿನ ನೆಮ್ಮದಿ ನಿಂತಿರುತ್ತದೆ. ‘ವಿಷಪ್ರಾಶನ ಶಂಕೆ’ ಎಂದು ಬರೆದರೆ ಜನ ಪರಸ್ಪರರ ಮುಖ ನೋಡಲು ಶುರುಮಾಡುತ್ತಾರೆ. ‘ಕಾರಣ ಇನ್ನೂ ಪತ್ತೆಯಾಗಿಲ್ಲ, ಮಾದರಿ ಇಂಥ ದಿನ ಕಳಿಸಲಾಗಿದೆ, ಸಾಮಾನ್ಯವಾಗಿ ಇಷ್ಟು ದಿನ ಹಿಡಿಯುತ್ತದೆ’ ಎಂದು ಬರೆದರೆ ಕಾಯುತ್ತಾರೆ. ಕಾಲರಾ ಪತ್ತೆಗೆ ಮಲದ ಮಾದರಿಯನ್ನು ಕ್ಯಾರಿ–ಬ್ಲೇರ್ ಎಂಬ ಮಾಧ್ಯಮದಲ್ಲಿಟ್ಟು ಕಳಿಸಬೇಕು, ಅದನ್ನು ಪ್ರತಿಜೀವಕ ಔಷಧ ಕೊಡುವ ಮೊದಲೇ ತೆಗೆದಿರಬೇಕು. ರೋಗಾಣುವನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಯ ಫಲಿತಾಂಶಕ್ಕೆ ಎರಡು ಮೂರು ದಿನ ಬೇಕು. ಔಷಧ ಶುರುವಾದ ಮೇಲೆ ತೆಗೆದ ಮಾದರಿಯಲ್ಲಿ ರೋಗಾಣು ಸಿಗದಿದ್ದರೆ ‘ಕಾಲರಾ ಅಲ್ಲ’ ಎಂದು ತೀರ್ಮಾನಿಸುವಂತಿಲ್ಲ. ವರದಿಗಾರರು ಕೇಳಬೇಕಾದ ಮೊದಲ ಪ್ರಶ್ನೆ ಇಲ್ಲಿದೆ: ಮಾದರಿ ತೆಗೆದದ್ದು ಯಾವಾಗ, ಎಷ್ಟು ಜನರದ್ದು?

ನೀರಿನ ಮಾದರಿಗೂ ಇದೇ ಮಾತು, ಇನ್ನೂ ಒಂದು ಪಟ್ಟು ಜೋರಾಗಿ. ಊರಿನಲ್ಲಿ ಭೇದಿ ಶುರುವಾಯಿತು ಎಂದ ಕೂಡಲೇ ಗಾಬರಿಯಲ್ಲಿ ಮಾಡುವ ಮೊದಲ ಕೆಲಸವೆಂದರೆ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಸುರಿಯುವುದು. ಆಮೇಲೆ ಅದೇ ಟ್ಯಾಂಕಿನಿಂದ ಬಾಟಲಿ ತುಂಬಿ ಪರೀಕ್ಷೆಗೆ ಕಳಿಸುತ್ತಾರೆ. ‘ನೀರು ಕುಡಿಯಲು ಯೋಗ್ಯ’ ಎಂಬ ವರದಿ ಬರುತ್ತದೆ, ಮರುದಿನ ಪತ್ರಿಕೆಯಲ್ಲಿ ಅದೇ ತಲೆಬರಹವಾಗುತ್ತದೆ. ಆ ವರದಿ ಸುಳ್ಳಲ್ಲ. ಆದರೆ ಜನ ಕಾಯಿಲೆ ಬಿದ್ದ ದಿನದ ನೀರಿನ ಬಗ್ಗೆ ಅದು ಒಂದು ಮಾತೂ ಹೇಳುವುದಿಲ್ಲ. ಹಾಗಾಗಿ ಮಾದರಿ ಎತ್ತಿದ್ದು ಕ್ಲೋರಿನ್ ಹಾಕುವ ಮುಂಚೆಯೋ ನಂತರವೋ, ಟ್ಯಾಂಕಿನಿಂದಲೋ ರೋಗಿಯ ಮನೆಯ ನಲ್ಲಿಯಿಂದಲೋ, ಬಾಟಲಿಯಲ್ಲಿ ಕ್ಲೋರಿನ್ ಅಡಗಿಸುವ ಸೋಡಿಯಂ ಥಯೋಸಲ್ಫೇಟ್ ಇತ್ತೋ ಇಲ್ಲವೋ, ಐಸ್ ಪೆಟ್ಟಿಗೆಯಲ್ಲಿ 24 ಗಂಟೆಯೊಳಗೆ ಪ್ರಯೋಗಾಲಯ ಮುಟ್ಟಿತೋ ಎಂಬ ನಾಲ್ಕು ಪ್ರಶ್ನೆ ಕೇಳದೆ ‘ಯೋಗ್ಯ’ ಎಂಬ ಪದವನ್ನು ಅಚ್ಚು ಮಾಡಬಾರದು. ಥಯೋಸಲ್ಫೇಟ್ ಇಲ್ಲದ ಬಾಟಲಿಯಲ್ಲಿ ಕ್ಲೋರಿನ್ ದಾರಿಯುದ್ದಕ್ಕೂ ರೋಗಾಣುಗಳನ್ನು ಕೊಲ್ಲುತ್ತಲೇ ಹೋಗುತ್ತದೆ. ಪ್ರಯೋಗಾಲಯ ನೋಡುವುದು ಆ ಸತ್ತ ಮಾದರಿಯನ್ನು.

ನೀರು ಕೆಡುವುದು ಎಲ್ಲಿ ಎಂಬುದನ್ನೂ ಪತ್ರಿಕೆ ಬಿಡಿಸಿ ಹೇಳಬೇಕು. ಏಕೆಂದರೆ ಜನರ ಸಿಟ್ಟೆಲ್ಲ ಟ್ಯಾಂಕಿನ ಮೇಲೆ ತಿರುಗುತ್ತದೆ. ಟ್ಯಾಂಕ್ ತೊಳೆದ ಚಿತ್ರ ಬಂದರೆ ಎಲ್ಲರೂ ಸಮಾಧಾನ ಪಡುತ್ತಾರೆ, ನಿಜವಾದ ತೂತು ಚರಂಡಿಯಲ್ಲೇ ಉಳಿಯುತ್ತದೆ. ನಮ್ಮ ಬಹಳ ಬಡಾವಣೆಗಳಲ್ಲಿ, ಹಟ್ಟಿಗಳಲ್ಲಿ ನೀರು ದಿನಪೂರ್ತಿ ಬರುವುದಿಲ್ಲ. ಪೈಪಿನಲ್ಲಿ ನೀರು ತುಂಬಿ ಹರಿಯುವಾಗ ಸೀಳಿದ್ದ ಕಡೆ ನೀರು ಹೊರಕ್ಕೆ ಸೋರುತ್ತದೆ. ವಾಲ್ವ್ ಮುಚ್ಚಿ ಪೈಪು ಖಾಲಿಯಾದಾಗ ಅದೇ ಸೀಳಿನಿಂದ ಸುತ್ತಲಿನ ಕೊಳೆ ಒಳಕ್ಕೆ ಇಳಿಯುತ್ತದೆ. ಮನೆ ಸಂಪರ್ಕದ ಸಣ್ಣ ಪೈಪು ಚರಂಡಿಯೊಳಗೇ ಹಾದು ಹೋಗಿದ್ದರೆ, ಅದರ ಜೋಡಣೆ ಸಡಿಲವಾಗಿದ್ದರೆ, ಮಳೆಗೆ ಚರಂಡಿ ತುಂಬಿದ ದಿನ ಇದು ಖಂಡಿತ ಆಗುತ್ತದೆ. ಇದರ ಮೇಲೆ ನಲ್ಲಿಗೆ ನೇರ ಮೋಟಾರ್ ಹಚ್ಚಿ ನೀರೆಳೆದರೆ ಕೊಳೆ ಇಳಿಯುವುದಷ್ಟೇ ಅಲ್ಲ, ಪೈಪು ಅದನ್ನು ಹೀರಿಕೊಳ್ಳುತ್ತದೆ. ನೀರು ಬಿಟ್ಟ ಮೊದಲ ಕೆಲವು ನಿಮಿಷ ಬರುವ ನೀರಿನಲ್ಲಿ ಈ ಕೊಳೆ ಹೆಚ್ಚು. ಬಣ್ಣ, ವಾಸನೆ ಕಾಣದಿದ್ದರೂ ಆ ನೀರನ್ನು ಕುಡಿಯುವ ಬಿಂದಿಗೆಗೆ ಹಿಡಿಯಬಾರದು. ಭದ್ರಾ ನಾಲೆ ನಿಂತು ದಾವಣಗೆರೆಯ ಕುಂದವಾಡ ಕೆರೆ, ಟಿ.ವಿ. ಸ್ಟೇಷನ್ ಕೆರೆಗಳ ಮಟ್ಟ ಇಳಿದಾಗ ನೀರು ಬಿಡುವ ಸರದಿ ದೂರದೂರವಾಗುತ್ತದೆ. ಪೈಪು ಖಾಲಿ ಇರುವ ಹೊತ್ತು ಹೆಚ್ಚಿದಂತೆ ಅಪಾಯವೂ ಹೆಚ್ಚು. ‘ನಾಲೆಗೆ ನೀರು ಬಂದ್’ ಎಂಬ ಸುದ್ದಿಯನ್ನು ರೈತರ ಸುದ್ದಿಯಾಗಿ ಮಾತ್ರ ಕೊಡುತ್ತೀರಿ. ಅದರ ಪಕ್ಕದಲ್ಲೇ ಕುಡಿಯುವ ನೀರಿನ ಎಚ್ಚರಿಕೆಯ ನಾಲ್ಕು ಸಾಲು ಸೇರಿದರೆ ಊರಿಗೆ ಉಪಕಾರ.

ಇನ್ನು ಕ್ಲೋರಿನ್. ‘ಟ್ಯಾಂಕಿಗೆ ಕ್ಲೋರಿನೇಷನ್ ಮಾಡಲಾಗಿದೆ’ ಎಂಬ ವಾಕ್ಯ ಬರೆಯುವ ಮುನ್ನ ಒಂದು ಸಂಖ್ಯೆ ಕೇಳಿ. ಕೊನೆಯ ಮನೆಯ ನಲ್ಲಿಯಲ್ಲಿ ಉಳಿಕೆ ಕ್ಲೋರಿನ್, ಎಂದರೆ ತನ್ನ ಕೆಲಸ ಮುಗಿಸಿಯೂ ನೀರಿನಲ್ಲಿ ಉಳಿದಿರುವ ಕ್ಲೋರಿನ್, ಲೀಟರಿಗೆ ಎಷ್ಟು ಮಿಲಿಗ್ರಾಂ? ಭಾರತೀಯ ಮಾನಕ ಐಎಸ್ 10500 ಹೇಳುವಂತೆ ಕನಿಷ್ಠ 0.2 ಇರಬೇಕು. ಕಾಯಿಲೆ ಹರಡಿದ ಹೊತ್ತಿನಲ್ಲಿ 0.5ಕ್ಕೆ ಕಡಿಮೆ ಆಗದಂತೆ ನೋಡಿಕೊಳ್ಳಬೇಕು. ಇದನ್ನು ಅಳೆಯುವ ಕ್ಲೋರೋಸ್ಕೋಪ್ ಚಿಕ್ಕ ಪೆಟ್ಟಿಗೆಯಷ್ಟೇ. ಗಾಜಿನ ಕೊಳವೆಗೆ ನೀರು ಹಾಕಿ, ದ್ರಾವಣದ ಹನಿ ಬಿಟ್ಟು, ಹಳದಿ ಬಣ್ಣವನ್ನು ಪಟ್ಟಿಯ ಬಣ್ಣದ ಜೊತೆ ಕೂಡಲೇ ಹೋಲಿಸಬೇಕು. ವರದಿಗಾರರ ಕಣ್ಣೆದುರೇ ಎರಡು ನಿಮಿಷದಲ್ಲಿ ಮುಗಿಯುವ ಕೆಲಸ ಇದು. ‘ಒಮ್ಮೆ ತೋರಿಸಿ’ ಎಂದರೆ ಒಳ್ಳೆಯ ಸಿಬ್ಬಂದಿ ಬೇಡ ಎನ್ನುವುದಿಲ್ಲ.

ಕ್ಲೋರಿನ್ ಹಾಕಿಯೂ ಉಳಿಕೆ ಸೊನ್ನೆ ಬರಲು ಕಾರಣಗಳಿವೆ. ಬ್ಲೀಚಿಂಗ್ ಪೌಡರ್ ಹೊಸದಿದ್ದಾಗ ಅದರಲ್ಲಿ ಸುಮಾರು ಶೇ 33ರಷ್ಟು ಕ್ಲೋರಿನ್ ಇರುತ್ತದೆ. ಬಾಯಿ ತೆರೆದ ಚೀಲ ಪಂಪ್‌ಹೌಸಿನ ಮೂಲೆಯಲ್ಲಿ ತೇವ ಹಿಡಿದು ಕೂತರೆ ದಿನದಿನಕ್ಕೆ ಸತ್ವ ಕಳೆದುಕೊಂಡು ಬರೀ ಸುಣ್ಣ ಉಳಿಯುತ್ತದೆ. ಒಳ್ಳೆಯ ಪೌಡರ್ ಆದರೆ ತಿಳಿನೀರಿಗೆ 1,000 ಲೀಟರಿಗೆ 2.5 ಗ್ರಾಂ ಅಂದಾಜು ಲೆಕ್ಕ, ಎಂದರೆ 50,000 ಲೀಟರಿನ ಓವರ್‌ಹೆಡ್ ಟ್ಯಾಂಕಿಗೆ 125 ಗ್ರಾಂ. ಕದಡಿದ ನೀರು ಕ್ಲೋರಿನ್ನನ್ನು ತಾನೇ ತಿಂದುಹಾಕುವುದರಿಂದ ಅದಕ್ಕೆ ಈ ಲೆಕ್ಕ ಸಾಲದು. ನಲ್ಲಿಯಲ್ಲಿ ಪರೀಕ್ಷಿಸಿಯೇ ಪ್ರಮಾಣ ಏರಿಸಬೇಕು. ಪೌಡರನ್ನು ಒಣಗಿದ್ದಂತೆಯೇ ಟ್ಯಾಂಕಿಗೆ ಎರಚುವುದು ತಪ್ಪು. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಸ್ವಲ್ಪ ನೀರಿನ ಜೊತೆ ಗಂಟಿಲ್ಲದಂತೆ ಕಲಸಿ, ಮತ್ತಷ್ಟು ನೀರು ಸೇರಿಸಿ, ಹತ್ತು ನಿಮಿಷ ಬಿಟ್ಟು, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಮಾತ್ರ ಟ್ಯಾಂಕಿಗೆ ಬಿಡಬೇಕು. ಅದಾಗಿ ಕನಿಷ್ಠ 30 ನಿಮಿಷ ವಾಲ್ವ್ ತೆಗೆಯಬಾರದು. ‘ಬೇಗ ನೀರು ಬಿಡಿ’ ಎಂದು ಜನ ಒತ್ತಾಯಿಸುತ್ತಾರೆ, ನೀರುಗಂಟಿ ವಾಲ್ವ್ ತಿರುಗಿಸುತ್ತಾರೆ, ಕ್ಲೋರಿನ್ನಿಗೆ ಕೆಲಸ ಮಾಡಲು ಹೊತ್ತೇ ಸಿಗುವುದಿಲ್ಲ. ಆ ಅರ್ಧ ಗಂಟೆ ಏಕೆ ಎಂದು ಪತ್ರಿಕೆ ಜನರಿಗೆ ತಿಳಿಸಿದರೆ ನೀರುಗಂಟಿಯ ಮೇಲಿನ ಒತ್ತಡ ಅಷ್ಟಾದರೂ ಇಳಿಯುತ್ತದೆ. ಎಲ್ಲ ಆದ ಮೇಲೆ ಅವರೊಬ್ಬರನ್ನೇ ಅಮಾನತು ಮಾಡಿದ ಸುದ್ದಿ ಬರುವುದನ್ನು ನೋಡುವಾಗ ನಮಗೆ ಸಂಕಟವಾಗುತ್ತದೆ.

‘ಜಿಲ್ಲಾ ಪುಟದ ಒಂದು ಕಾಲಂ ಸುದ್ದಿ ಯಾರು ಓದುತ್ತಾರೆ’ ಎಂದು ಯುವ ವರದಿಗಾರರು ಬೇಸರ ಪಡುವುದುಂಟು. ಕೇಂದ್ರ ಸರ್ಕಾರವೇ ಓದುತ್ತದೆ. 2004ರಲ್ಲಿ ಶುರುವಾದ ಸಮಗ್ರ ರೋಗ ಕಣ್ಗಾವಲು ಕಾರ್ಯಕ್ರಮದ ಅಡಿಯಲ್ಲಿ, 2008ರ ಜುಲೈನಿಂದ ದೆಹಲಿಯಲ್ಲಿ ಒಂದು ಮಾಧ್ಯಮ ಪರಿಶೀಲನಾ ಘಟಕ ಕೆಲಸ ಮಾಡುತ್ತಿದೆ. ಊರೂರಿನ ಸುದ್ದಿಗಳಲ್ಲಿ ‘ಏಕಾಏಕಿ ಜ್ವರ’, ‘ವಾಂತಿಭೇದಿ’ಯಂಥ ಸುಳಿವು ಕಂಡರೆ ಅದು ಆಯಾ ಜಿಲ್ಲೆಯ ಸರ್ವೇಕ್ಷಣಾ ಅಧಿಕಾರಿಗೆ ‘ನಿಜವೇ, ಪರಿಶೀಲಿಸಿ’ ಎಂದು ಕಳಿಸುತ್ತದೆ. ಇಲಾಖೆಗೆ ತನ್ನದೇ ನಮೂನೆಗಳಿವೆ: ಉಪಕೇಂದ್ರದಿಂದ ಶಂಕಿತರ ‘ಎಸ್’, ವೈದ್ಯರಿಂದ ಸಂಭವನೀಯರ ‘ಪಿ’, ಪ್ರಯೋಗಾಲಯದಿಂದ ದೃಢಪಟ್ಟವರ ‘ಎಲ್’. ಆದರೆ ಖಾಸಗಿ ಕ್ಲಿನಿಕ್ಕಿಗೆ ಹೋದವರು, ಮೆಡಿಕಲ್ ಸ್ಟೋರಿನಲ್ಲೇ ಮಾತ್ರೆ ಕೊಂಡು ಮನೆಗೆ ಮರಳಿದವರು ಈ ಯಾವ ನಮೂನೆಗೂ ಸಿಗದೇ ಉಳಿಯುವುದುಂಟು. ಹೊಸದುರ್ಗದಲ್ಲೋ ಜಗಳೂರಿನಲ್ಲೋ ಮೆಡಿಕಲ್ ಅಂಗಡಿಯವರು ‘ಎರಡು ದಿನದಿಂದ ಭೇದಿ ಮಾತ್ರೆ, ಒಆರ್‌ಎಸ್ ಪೊಟ್ಟಣ ಬಹಳ ಹೋಗುತ್ತಿದೆ’ ಎಂದದ್ದನ್ನು ಮೊದಲು ಕೇಳಿಸಿಕೊಳ್ಳುವುದು ತಾಲ್ಲೂಕಿನ ವರದಿಗಾರರೇ. ಶಾಲೆಯಲ್ಲಿ ಒಂದೇ ಬೀದಿಯ ಮಕ್ಕಳು ಗೈರುಹಾಜರಾದದ್ದೂ ಅವರ ಕಿವಿಗೆ ಬೀಳುತ್ತದೆ. ಅಂದೇ ತಾಲ್ಲೂಕು ಆರೋಗ್ಯಾಧಿಕಾರಿಗೆ ಫೋನು ಮಾಡಿ ಕೇಳಿ, ಬರೆಯಬೇಕು. ಸಾವು ಆಗಲಿ ಎಂದು ಸುದ್ದಿ ಕಾಯಬಾರದು.

ಅಂಕಿಗಳ ವಿಚಾರದಲ್ಲಿ ಪತ್ರಿಕೆಗಳು ಎಡವುವುದು ಕೂಡಿಸುವುದರಲ್ಲಿ. ಒಂದು ಪತ್ರಿಕೆಯಲ್ಲಿ 40, ಇನ್ನೊಂದರಲ್ಲಿ 90, ಇಲಾಖೆಯದು 25. ಮೂರೂ ನಿಜವಿರಬಹುದು: ಒಂದು ಈವರೆಗೆ ದಾಖಲಾದವರ ಒಟ್ಟು, ಒಂದು ಹೊರರೋಗಿಗಳೂ (ಒಪಿಡಿ) ಸೇರಿ, ಒಂದು ಈ ಹೊತ್ತು ಹಾಸಿಗೆಯಲ್ಲಿ ಇರುವವರು. ಪ್ರತಿದಿನ ಒಂದೇ ಹೊತ್ತಿನ, ಉದಾಹರಣೆಗೆ ಸಂಜೆ 5 ಗಂಟೆಯ ಲೆಕ್ಕ ಹಿಡಿದು, ‘ಇಂದು ಹೊಸಬರು, ದಾಖಲಾದವರು, ಬಿಡುಗಡೆಯಾದವರು, ಬೇರೆಡೆ ಕಳಿಸಿದವರು’ ಎಂದು ಬಿಡಿಸಿ ಕೊಡಿ. ಅದರಲ್ಲಿ ಅತ್ಯಂತ ಬೆಲೆಯುಳ್ಳದ್ದು ‘ಇಂದು ಹೊಸಬರು’. ಭೇದಿಯಲ್ಲಿ ಆ ಸಂಖ್ಯೆ ಕೆಲವು ದಿನವಾದರೂ ಇಳಿಯದೆ ಇದ್ದರೆ ಕೊಳೆ ನೀರಿನ ದಾರಿ ಇನ್ನೂ ಮುಚ್ಚಿಲ್ಲ ಎಂದೇ ಅರ್ಥ, ಯಾರು ಏನೇ ಭರವಸೆ ಕೊಡಲಿ. ಡೆಂಗಿ ಲೆಕ್ಕದಲ್ಲಿ ಖಾಸಗಿಯವರ ಸಂಖ್ಯೆ ಹೆಚ್ಚು, ಸರ್ಕಾರದ್ದು ಕಡಿಮೆ ಕಂಡರೆ ‘ಮುಚ್ಚಿಟ್ಟರು’ ಎಂದು ಆರೋಪಿಸುವ ಮುನ್ನ ಒಂದು ವಿಷಯ ಗಮನಿಸಬೇಕು. ಸರ್ಕಾರ ದೃಢಪಟ್ಟದ್ದೆಂದು ಒಪ್ಪುವುದು ಮುಖ್ಯವಾಗಿ ಪ್ರಯೋಗಾಲಯದಲ್ಲಿ ನಡೆಯುವ ಎಲೈಸಾ ಎಂಬ ರಕ್ತಪರೀಕ್ಷೆಯನ್ನು. ಖಾಸಗಿಯಲ್ಲಿ ಬಹಳ ಕಡೆ ಬೇಗ ಫಲ ತೋರುವ ಕಾರ್ಡ್ ಪರೀಕ್ಷೆ ನಡೆಯುತ್ತದೆ. ಎರಡನ್ನೂ ಬೇರೆಬೇರೆ ಸಾಲಿನಲ್ಲಿ ಅಚ್ಚು ಮಾಡಿದರೆ ಓದುಗರಿಗೇ ತಿಳಿಯುತ್ತದೆ.

ಕಾಯಿಲೆಯ ದಿನಕ್ಕೂ ಸೋಂಕಿನ ದಿನಕ್ಕೂ ಇರುವ ಅಂತರವನ್ನೂ ವರದಿಗಾರರು ಕೈಯಲ್ಲಿ ಬರೆದಿಟ್ಟುಕೊಳ್ಳಲಿ. ಕಾಲರಾ ಆದರೆ ಕೆಲವು ಗಂಟೆಯಿಂದ 5 ದಿನ. ಟೈಫಾಯ್ಡ್ ಒಂದರಿಂದ ಮೂರು ವಾರ. ನೀರಿನಿಂದ ಬರುವ ಕಾಮಾಲೆ, ಹೆಪಟೈಟಿಸ್ ಎ, ಸರಾಸರಿ 28 ದಿನ. ಆದ್ದರಿಂದ ಒಂದು ಓಣಿಯಲ್ಲಿ ಈ ವಾರ ಹತ್ತು ಜನಕ್ಕೆ ಕಾಮಾಲೆ ಕಂಡರೆ ಈ ವಾರದ ನೀರನ್ನು ಪರೀಕ್ಷಿಸಿದರಷ್ಟೇ ಸಾಲದು. ಸುಮಾರು ತಿಂಗಳ ಹಿಂದೆ ಆ ಓಣಿಯಲ್ಲಿ ಒಳಚರಂಡಿಗೋ (ಯುಜಿಡಿ) ಕೇಬಲ್ಲಿಗೋ ರಸ್ತೆ ಅಗೆದಿದ್ದರೇ, ಪೈಪು ಒಡೆದಿತ್ತೇ ಎಂದು ಕೇಳಬೇಕು. ಈ ಪ್ರಶ್ನೆಗೆ ಉತ್ತರ ಯಾವ ಕಡತದಲ್ಲೂ ಇರದಿದ್ದರೂ ನಿಮ್ಮದೇ ಹಳೆಯ ಸಂಚಿಕೆಯಲ್ಲಿ ಇರಬಹುದು. ‘ರಸ್ತೆ ಅಗೆದು ಬಿಟ್ಟಿದ್ದಾರೆ’ ಎಂದು ಓದುಗರು ಕಳಿಸಿದ ಚಿತ್ರ ಆಗ ಸಾಕ್ಷಿಯಾಗುತ್ತದೆ.

ಮನೆಯವರಿಗೆ ಹೇಳಬೇಕಾದದ್ದನ್ನು ಮುಖಪುಟದಲ್ಲಿ, ಚೌಕಟ್ಟಿನಲ್ಲಿ, ದಪ್ಪ ಅಕ್ಷರದಲ್ಲಿ ಕೊಡಿ, ಕಾಯಿಲೆ ಇರುವಷ್ಟು ದಿನವೂ ಅದೇ ಜಾಗದಲ್ಲಿ. ಒಆರ್‌ಎಸ್ ದೊಡ್ಡ ಪೊಟ್ಟಣ, ಸುಮಾರು 21 ಗ್ರಾಮಿನದು, ಪೂರ್ತಿ ಒಂದು ಲೀಟರ್ ನೀರಿಗೆ. ಸುಮಾರು 4 ಗ್ರಾಮಿನ ಸಣ್ಣದು 200 ಮಿ.ಲೀ. ನೀರಿಗೆ. ದೊಡ್ಡ ಪೊಟ್ಟಣವನ್ನು ಒಂದು ಲೋಟಕ್ಕೆ ಸುರಿದರೆ ಉಪ್ಪು ಅತಿಯಾಗಿ ಮಗುವಿಗೆ ಕೇಡು, ಸಣ್ಣದನ್ನು ಲೀಟರಿಗೆ ಹಾಕಿದರೆ ಪ್ರಯೋಜನವಿಲ್ಲ. ಇವೆರಡೂ ನಿತ್ಯ ಆಗುವ ತಪ್ಪು. ಕಲಸಿದ್ದನ್ನು 24 ಗಂಟೆ ಕಳೆದ ಮೇಲೆ ಚೆಲ್ಲಬೇಕು. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡನ್ನೂ ಗೋಪುರ ಏಳದಂತೆ ಸಮ ಮಾಡಿ ಹಾಕಬೇಕು. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿ.ಲೀ., ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200. ಕುಡಿಸಿದ್ದನ್ನು ವಾಂತಿ ಮಾಡಿದರೆ ಹತ್ತು ನಿಮಿಷ ಬಿಟ್ಟು ಚಮಚದಲ್ಲಿ ಮತ್ತೆ ಕೊಡಬೇಕು. ಎದೆಹಾಲು ನಿಲ್ಲಿಸಬಾರದು. ಭೇದಿ ‘ಕಟ್ಟುವ’ ಮಾತ್ರೆಯನ್ನು ಮಕ್ಕಳಿಗೆ ಕೊಡಲೇಬಾರದು. ಕಣ್ಣು ಗುಳಿ ಬಿದ್ದರೆ, ಮೂತ್ರ ನಿಂತರೆ, ಮಗು ಮಂಕಾದರೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಾಗ ಮಡಿಕೆ ನಿಧಾನ ಇಳಿದರೆ ಆಸ್ಪತ್ರೆಗೆ ಓಡಬೇಕು. ಸಿಹಿ ಪಾನೀಯಗಳ ಮೇಲೆ ‘ಒಆರ್‌ಎಸ್’ ಎಂದು ಬರೆದು ಮಾರುವುದನ್ನು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ತಡೆದಿದೆ. ಅಂಥ ಡಬ್ಬಿ ಭೇದಿಗೆ ಮದ್ದಲ್ಲ ಎಂಬುದನ್ನೂ ಸೇರಿಸಿ. ಶುದ್ಧ ಕುಡಿಯುವ ನೀರಿನ ಘಟಕದ ನೀರು ತಂದೆವು, ಇನ್ನೇನು ಭಯ ಎಂಬ ನಂಬಿಕೆ ಬೇರೆ ಇದೆ. ಆ ನೀರಿನಲ್ಲಿ ಉಳಿಕೆ ಕ್ಲೋರಿನ್ ಇರುವುದಿಲ್ಲ. ಕ್ಯಾನ್ ತೊಳೆಯದಿದ್ದರೆ, ಲೋಟ ಅದ್ದಿ ತೆಗೆದರೆ, ಕೆಟ್ಟೇ ಕೆಡುತ್ತದೆ.

ಅಚ್ಚಾಗುವ ಹೊತ್ತಿನ ತೊಡಕೂ ಇದೆ. ಕೆಲವು ವಾರ್ಡುಗಳಲ್ಲಿ ಬೆಳಿಗ್ಗೆ ಐದಕ್ಕೇ ನೀರು ಬರುತ್ತದೆ, ಪತ್ರಿಕೆ ಬಾಗಿಲಿಗೆ ಬೀಳುವಷ್ಟರಲ್ಲಿ ಬಿಂದಿಗೆಗಳು ತುಂಬಿರುತ್ತವೆ. ಹಾಗಾಗಿ ‘ಕುದಿಸಿ ಕುಡಿಯಿರಿ’ ಎಂಬ ಸೂಚನೆ ಹಿಂದಿನ ರಾತ್ರಿಯೇ ಪತ್ರಿಕೆಯ ವಾಟ್ಸ್ಆ್ಯಪ್‌ನಲ್ಲಿ ಹೋಗಲಿ, ಕಸದ ಗಾಡಿಯ ಮೈಕಿಗೆ ಅದೇ ವಾಕ್ಯ ಸಿಗಲಿ. ವಾಕ್ಯ ಹೀಗಿರಲಿ: ಯಾವ ಟ್ಯಾಂಕಿನ ನೀರು, ಯಾವ ಯಾವ ಬೀದಿ, ಎಂದಿನಿಂದ, ಎಲ್ಲಿಯವರೆಗೆ, ಟ್ಯಾಂಕರ್ ಎಲ್ಲಿ ನಿಲ್ಲುತ್ತದೆ. ಕುದಿಸುವುದೆಂದರೆ ಬೆಚ್ಚಗೆ ಮಾಡುವುದಲ್ಲ, ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ. ಚಿತ್ರದುರ್ಗದವರಾದರೆ ಆ ಬಡಾವಣೆಗೆ ಬರುವುದು ಸೂಳೆಕೆರೆ ನೀರೋ, ವಾಣಿವಿಲಾಸ ಸಾಗರದ್ದೋ, ಬೋರ್‌ವೆಲ್ಲಿನದೋ ಎಂಬುದನ್ನೂ ಹೇಳಬೇಕು. ಅದು ತಿಳಿದರೆ ಉಳಿದ ಬಡಾವಣೆಯವರು ಸುಮ್ಮನೆ ಹೆದರುವುದಿಲ್ಲ.

ಬೀದಿಯ ಹೆಸರು ಹಾಕಲೇಬೇಕು, ಮನುಷ್ಯರ ಹೆಸರು ಬೇಡ. ಹಾಸಿಗೆಯಲ್ಲಿ ಮಲಗಿದವರ ಮುಖ, ಮನೆಯ ಬಾಗಿಲು, ಜಾತಿ, ಧರ್ಮ ಯಾವುದೂ ನೀರಿನ ದಾರಿ ತೋರಿಸುವುದಿಲ್ಲ. 2020ರಲ್ಲಿ ಕೊರೊನಾ ಬಂದಾಗ ರೋಗಿಗಳಿಗೆ ಹೆಸರಿನ ಬದಲು ‘ಪಿ’ ಸಂಖ್ಯೆ ಕೊಟ್ಟರೂ, ಬೀದಿ–ಕೆಲಸ–ಸಂಬಂಧಗಳನ್ನೆಲ್ಲ ಬರೆದು ಇಡೀ ಊರಿಗೆ ಅವರು ಯಾರೆಂದು ಗೊತ್ತಾಗುವಂತೆ ಮಾಡಿದ ವರದಿಗಳು ಬಂದವು. ಅದರ ಫಲವಾಗಿ ಲಕ್ಷಣವಿದ್ದವರು ಮುಂದೆ ಬಾರದೆ ಮನೆಯಲ್ಲೇ ಉಳಿದರು. ಭೇದಿಯಲ್ಲಿ ಹೀಗೆ ಅಡಗಿ ಕೂತರೆ ಜೀವ ಹೋಗಲು ಒಂದು ದಿನ ಸಾಕು.

ಕೊನೆಯದಾಗಿ, ಸುದ್ದಿಯನ್ನು ಬೇಗ ಬಿಡಬೇಡಿ. ಐದನೆಯ ದಿನಕ್ಕೆ ಕ್ಯಾಮೆರಾಗಳು ಹೊರಟುಹೋಗುತ್ತವೆ, ಪೈಪು ಬದಲಿಸುವ ಕೆಲಸ ಆಗಷ್ಟೇ ಶುರುವಾಗಬೇಕಿರುತ್ತದೆ. ಕಾಲರಾದಲ್ಲಿ ಕಡೆಯ ರೋಗಿಯ ನಂತರ ಕನಿಷ್ಠ ನಾಲ್ಕು ವಾರ ಹೊಸಬರು ಬಾರದಿದ್ದರೆ ಮಾತ್ರ ಉಸಿರು ಬಿಡಬಹುದು. ಅಲ್ಲಿಯವರೆಗೆ ಎಷ್ಟು ಮೀಟರ್ ಪೈಪು ಚರಂಡಿಯಿಂದ ಹೊರಗೆ ಬಂತು, ಎಷ್ಟು ಮನೆಯ ಸಂಪರ್ಕ ಬಾಕಿ, ದುರಸ್ತಿಯ ನಂತರ ನಲ್ಲಿಯಿಂದ ಎತ್ತಿದ ಮಾದರಿಯಲ್ಲಿ 100 ಮಿ.ಲೀ. ನೀರಿಗೆ, ಮಲ ಬೆರೆತದ್ದನ್ನು ತೋರಿಸುವ ಇ–ಕೊಲೈ ಬ್ಯಾಕ್ಟೀರಿಯಾ ಸೊನ್ನೆ ಬಂತೇ ಎಂದು ಎರಡು ದಿನಕ್ಕೊಮ್ಮೆ ಮೂರು ಸಾಲು ಬರೆಯಿರಿ. ವರದಿ ಕೊಡಲು ಕಚೇರಿ ಸತಾಯಿಸಿದರೆ ಮಾಹಿತಿ ಹಕ್ಕು ಕಾಯ್ದೆ 2005ರ 7(1)ನೇ ಕಲಂ ನೆನಪಿರಲಿ: ಜೀವಕ್ಕೆ ಸಂಬಂಧಿಸಿದ ಮಾಹಿತಿಯನ್ನು 30 ದಿನವಲ್ಲ, 48 ಗಂಟೆಯೊಳಗೆ ಕೊಡಬೇಕು. ಅರ್ಜಿಯ ಮೇಲ್ಭಾಗದಲ್ಲೇ ಹಾಗೆಂದು ಬರೆಯಬೇಕು.

ಮಳೆಗೆ ಇನ್ನೂ ಕೆಲವು ವಾರ ಇರುವಾಗಲೇ ಒಂದು ಕೆಲಸ ಆಗಬಹುದು. ಓವರ್‌ಹೆಡ್ ಟ್ಯಾಂಕಿನ ಕಂಬದ ಮೇಲೆ ‘ಸ್ವಚ್ಛಗೊಳಿಸಿದ ದಿನಾಂಕ’ ಬರೆಯುವ ಜಾಗವಿರುತ್ತದೆ. ನಿಮ್ಮ ತಾಲ್ಲೂಕು ವರದಿಗಾರರು ತಮ್ಮ ತಮ್ಮ ಊರಿನ ಆ ಕಂಬದ ಚಿತ್ರ ತೆಗೆದು, ದಿನಾಂಕ ಓದುವಂತೆ, ಅಥವಾ ದಿನಾಂಕವೇ ಇಲ್ಲದಿದ್ದರೆ ಆ ಖಾಲಿ ಜಾಗ ಕಾಣುವಂತೆ, ದಿನಕ್ಕೊಂದು ಪ್ರಕಟಿಸಲಿ. ಪಕ್ಕದಲ್ಲಿ ಆ ದಿನ ಕೊನೆಯ ಮನೆಯ ನಲ್ಲಿಯ ಕ್ಲೋರಿನ್ ಸಂಖ್ಯೆ ಇರಲಿ.

ಇಂತಿ,
ಕೆಲವು ನಿವೃತ್ತ ಆರೋಗ್ಯ ಸಹಾಯಕರು ಮತ್ತು ಪ್ರಯೋಗಾಲಯ ತಂತ್ರಜ್ಞರು
ಚಿತ್ರದುರ್ಗ